ಮರಜರಿಯ ಕಾಂಡವನ್ನು ಓದುವುದು ಹೇಗೆ: ವಿಕ್ಟೋರಿಯಾದ ತಂಪುಕಾಡಿನ ಅಧಿಸಸ್ಯ ಜರಿಗಳಿಗೊಂದು ಸಮಗ್ರ ಮಾರ್ಗದರ್ಶಿ

ಮೆಲ್ಬರ್ನ್‌ನ ಪೂರ್ವಕ್ಕಿರುವ ಡ್ಯಾಂಡೆನಾಂಗ್ ಬೆಟ್ಟಗಳಿಗೆ ವಾರಾಂತ್ಯದಲ್ಲಿ ಹೋಗಿಬರುವ ಕನ್ನಡಿಗರು ಕಡಿಮೆಯಿಲ್ಲ. ಪಫಿಂಗ್ ಬಿಲ್ಲಿ ರೈಲು ಹತ್ತುತ್ತಾರೆ, ಕಾಡಿನ ದಾರಿಯಲ್ಲಿ ಒಂದು ಸುತ್ತು ನಡೆಯುತ್ತಾರೆ, ಮರಜರಿಯ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಫೋಟೋದಲ್ಲಿ ತಲೆಯ ಮೇಲೆ ಹರಡಿದ ಗರಿಗಳು ಚೆಂದವಾಗಿ ಬರುತ್ತವೆ. ಬೆನ್ನ ಹಿಂದಿನ ಕಾಂಡದ ಮೇಲೆ ಐದಾರು ಬಗೆಯ ಬೇರೆ ಜರಿಗಳು ಬೆಳೆದಿರುತ್ತವೆ. ಅವುಗಳತ್ತ ಯಾರೂ ಕಣ್ಣೆತ್ತಿಯೂ ನೋಡಿರುವುದಿಲ್ಲ.

ಆ ಜರಿಗಳನ್ನು ಗುರುತಿಸಿ, ಕ್ರಮವಾಗಿ ದಾಖಲಿಸಲು ಬಯಸುವವರಿಗಾಗಿ ಈ ಮಾರ್ಗದರ್ಶಿ. ಸಸ್ಯಶಾಸ್ತ್ರ ಓದಿರಬೇಕೆಂದಿಲ್ಲ. ಆದರೆ ಒಂದು ಶಿಸ್ತನ್ನು ಮೊದಲೇ ಒಪ್ಪಿಕೊಳ್ಳಬೇಕು: ಕಾಂಡವನ್ನು ಮೊದಲು ನೋಡಿ, ಅದರ ಮೇಲಿನ ಗಿಡಗಳನ್ನು ಆಮೇಲೆ ನೋಡಿ. ಯಾವ ಕಾಂಡ, ಎಷ್ಟು ಹಳೆಯದು, ಎಷ್ಟು ಒದ್ದೆ ಎಂಬುದು ತಿಳಿಯದೆ ಮಾಡಿದ ಪಟ್ಟಿ ಬರೀ ಹೆಸರುಗಳ ರಾಶಿಯಾಗಿಬಿಡುತ್ತದೆ.

ಹೊರಡುವ ಮೊದಲು ತಿಳಿದಿರಬೇಕಾದದ್ದು

ಮಲೆನಾಡಿನವರಿಗೆ ಅಧಿಸಸ್ಯವೆಂದರೇನು ಎಂದು ಹೆಚ್ಚು ವಿವರಿಸಬೇಕಿಲ್ಲ. ಮಳೆಗಾಲದಲ್ಲಿ ಪತ್ರೊಡೆಗೆ ಕೊಯ್ಯುವ ಮರಕೆಸು ಅಧಿಸಸ್ಯವೇ. ಅದು ಮರದ ಮೇಲೆ ನಿಲ್ಲುತ್ತದೆ, ಮರದ ರಸ ಹೀರುವುದಿಲ್ಲ. ಬಂದಳಿಕೆ ಹೀರುತ್ತದೆ, ಆದ್ದರಿಂದ ಅದು ಬೇರೆ ಜಾತಿ. ಇಲ್ಲಿ ನಾವು ನೋಡಲಿರುವ ಜರಿಗಳೆಲ್ಲ ಮರಕೆಸುವಿನ ಗುಂಪಿಗೆ ಸೇರಿದವು: ಜಾಗ ಮಾತ್ರ ಮರದ್ದು, ಊಟ ತಮ್ಮದು.

ಮರಜರಿಯ ಕಾಂಡ ಮಾವು, ಹಲಸಿನ ಕಾಂಡದಂತಲ್ಲ. ಅದಕ್ಕೆ ತೊಗಟೆಯಿಲ್ಲ, ವರ್ಷವರ್ಷ ದಪ್ಪವಾಗುವ ಮರದ ತಿರುಳೂ ಇಲ್ಲ. ಒಳಗೆ ನಿಜವಾದ ಕಾಂಡ ತೆಳ್ಳಗಿರುತ್ತದೆ. ಅದರ ಸುತ್ತ ಕಾಂಡದಿಂದಲೇ ಹುಟ್ಟಿ ಕೆಳಗಿಳಿಯುವ ಸಾವಿರಾರು ಬೇರುಗಳು ಹೆಣೆದುಕೊಂಡು ದಪ್ಪ ಕವಚವಾಗುತ್ತವೆ. ಕೈಯಿಟ್ಟು ಒತ್ತಿದರೆ ತೆಂಗಿನ ನಾರಿನ ಕಾಲೊರಸನ್ನು ಒತ್ತಿದ ಹಾಗಿರುತ್ತದೆ. ಮಳೆ ನಿಂತು ಬಹಳ ಹೊತ್ತಾದ ಮೇಲೂ ಈ ಕವಚ ನೀರು ಬಿಟ್ಟುಕೊಡುವುದಿಲ್ಲ. ಗಾಳಿಯಲ್ಲಿ ತೇಲಿಬಂದ ಜರಿಯ ಬೀಜಾಣುವಿಗೆ ಬೇಕಾದದ್ದು ಇಷ್ಟೇ: ಒದ್ದೆ, ಹಿಡಿತ, ನೆರಳು.

ಪಕ್ಕದಲ್ಲೇ ನಿಂತ ಮೌಂಟನ್ ಆ್ಯಶ್ ಎಂಬ ನೀಲಗಿರಿ ಜಾತಿಯ ಮರವನ್ನು ನೋಡಿ. ಹೂ ಬಿಡುವ ಮರಗಳಲ್ಲಿ ಜಗತ್ತಿನ ಅತಿ ಎತ್ತರದವುಗಳಲ್ಲಿ ಒಂದು. ಅದರ ಬುಡದ ಒರಟು ಭಾಗ ಬಿಟ್ಟರೆ ಉಳಿದ ಕಾಂಡ ಬೋಳುಬೋಳು, ಏಕೆಂದರೆ ಅದು ತನ್ನ ತೊಗಟೆಯನ್ನು ಉದ್ದುದ್ದ ಪಟ್ಟಿಗಳಾಗಿ ಕಳಚಿಕೊಳ್ಳುತ್ತದೆ. ಮೇಲೆ ಹತ್ತಿ ಕೂತವರನ್ನೆಲ್ಲ ಮನೆಯ ಮಾಲೀಕನೇ ಆಗಾಗ ಕೊಡವಿ ಬಿಸಾಡಿದರೆ ಯಾರು ತಾನೇ ನಿಂತಾರು? ಹೀಗಾಗಿ ಈ ಕಾಡಿನ ಅಧಿಸಸ್ಯ ಜರಿಗಳಿಗೆ ಕುಳ್ಳ ಮರಜರಿಯೇ ಮುಖ್ಯ ಆಸರೆ.

ಈ ಸಂಬಂಧ ಇಂದು ನಿನ್ನೆಯದಲ್ಲ. ಜರ್ಮನಿಯ ಕೆಮ್ನಿಟ್ಸ್ ಬಳಿ ಸುಮಾರು 29 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿಯ ಬೂದಿಯಲ್ಲಿ ಹುದುಗಿ ಕಲ್ಲಾದ ಕಾಡಿನಲ್ಲಿ ಸರೋನಿಯಸ್ ಎಂಬ ಮರಜರಿಯ ಕಾಂಡಗಳು ಸಿಕ್ಕಿವೆ. ಅದು ಇಂದಿನ ಮರಜರಿಗಳ ನೇರ ಪೂರ್ವಜನಲ್ಲ, ಬೇರೆಯೇ ವಂಶದ್ದು. ಆದರೂ ಅದರ ಬೇರಿನ ಕವಚದೊಳಗೆ ಬೇರೆ ಜರಿಗಳ ಕಾಂಡಗಳು ತೂರಿಕೊಂಡಿರುವುದು ಕಲ್ಲಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಹಂತ 1: ಜಾಗ ಮತ್ತು ಕಾಲ

ಕಾರಿಲ್ಲದವರಿಗೆ ಡ್ಯಾಂಡೆನಾಂಗ್ ಬೆಟ್ಟಗಳಲ್ಲಿರುವ ಶೆರ್‌ಬ್ರೂಕ್ ಕಾಡು ಅನುಕೂಲ. ಬೆಲ್‌ಗ್ರೇವ್‌ವರೆಗೆ ಉಪನಗರ ರೈಲು ಇದೆ. ಜರಿಗಳ ಸಮೃದ್ಧಿಯೇ ಮುಖ್ಯವೆನ್ನುವವರು ಇನ್ನೂ ದೂರ ಹೋಗಬೇಕು: ಗ್ರೇಟ್ ಆಟ್ವೇ ರಾಷ್ಟ್ರೀಯ ಉದ್ಯಾನದ ಮೈಟ್ಸ್ ರೆಸ್ಟ್, ಗಿಪ್ಸ್‌ಲ್ಯಾಂಡಿನ ಟಾರಾ-ಬುಲ್ಗಾ, ವಾರ್ಬರ್ಟನ್ ಹತ್ತಿರದ ಡೊನ್ನಾ ಬುವಾಂಗ್ ಬೆಟ್ಟದ ರೇನ್‌ಫಾರೆಸ್ಟ್ ಗ್ಯಾಲರಿ. ಎಲ್ಲ ಕಡೆಯೂ ಕಟ್ಟಿದ ಕಾಲುದಾರಿಯಿದೆ. ದಾರಿಯ ಪಕ್ಕದಲ್ಲೇ ಬೇಕಾದಷ್ಟು ಕಾಂಡಗಳು ಸಿಗುತ್ತವೆ. ದಾರಿ ಬಿಟ್ಟು ಇಳಿಯುವ ಅಗತ್ಯವೂ ಇಲ್ಲ, ಇಳಿಯಲೂ ಬಾರದು.

ಜೂನ್‌ನಿಂದ ಅಕ್ಟೋಬರ್ ಒಳ್ಳೆಯ ಕಾಲ. ಪೊರೆಜರಿ (ಫಿಲ್ಮಿ ಫರ್ನ್) ಎಂಬ ಸಣ್ಣ ಅಧಿಸಸ್ಯ ಜರಿಗಳ ಗರಿ ಒಂದೇ ಜೀವಕೋಶದಷ್ಟು ತೆಳು. ನೀರನ್ನು ಹಿಡಿದಿಡುವ ಮೇಣದ ಪದರ ಅವಕ್ಕೆ ಇಲ್ಲವೆನ್ನುವಷ್ಟು ಕಡಿಮೆ, ಪತ್ರರಂಧ್ರಗಳಂತೂ ಇಲ್ಲವೇ ಇಲ್ಲ. ಗಾಳಿ ಒಣಗಿದರೆ ಗರಿಯೂ ಒಣಗಿ ಮುದುಡಿಕೊಳ್ಳುತ್ತದೆ. ಬೇಸಿಗೆಯ ಬಿಸಿಗಾಳಿಯ ವಾರದಲ್ಲಿ ಹೋದರೆ ಕಂದು ಕಸದಂತೆ ಕಂಡು ಕೈಬಿಟ್ಟುಹೋಗುತ್ತದೆ. ಮಳೆ ಬಂದ ಮರುದಿನ ಹೋಗುವುದು ಅತ್ಯುತ್ತಮ. ಜೋರು ಗಾಳಿಯ ದಿನ ಮಾತ್ರ ಬೇಡವೇ ಬೇಡ. ಮೌಂಟನ್ ಆ್ಯಶ್ ಕೊಂಬೆ ಕಳಚುವಾಗ ಎಚ್ಚರಿಕೆ ಕೊಡುವುದಿಲ್ಲ. ಬೆಂಕಿಯ ಅಪಾಯ ತೀವ್ರವಾಗಿರುವ ದಿನಗಳಲ್ಲಿ ಉದ್ಯಾನಗಳನ್ನೇ ಮುಚ್ಚುತ್ತಾರೆ, ಹಾಗಾಗಿ ಹೊರಡುವ ಮುನ್ನ ಉದ್ಯಾನ ಇಲಾಖೆಯ ಜಾಲತಾಣ ನೋಡಿಕೊಳ್ಳಿ.

ಹಂತ 2: ಚೀಲದಲ್ಲಿ ಏನಿರಬೇಕು

ಹತ್ತು ಪಟ್ಟು ಹಿಗ್ಗಿಸುವ ಕೈಮಸೂರ. ಇದೊಂದಕ್ಕೆ ಮಾತ್ರ ದುಡ್ಡು ಖರ್ಚು ಮಾಡಿ; ಉಳಿದದ್ದು ಮನೆಯಲ್ಲೇ ಇರುತ್ತದೆ: ದರ್ಜಿಯ ಅಳತೆ ಟೇಪು, ಪೆನ್ಸಿಲ್ (ಒದ್ದೆ ಕಾಗದದ ಮೇಲೆ ಪೆನ್ನು ಕೈಕೊಡುತ್ತದೆ), ಗಟ್ಟಿ ರಟ್ಟಿನ ಪುಸ್ತಕ, ಸಣ್ಣ ಟಾರ್ಚ್, ಮೊಬೈಲ್. ಉದ್ದ ಕಾಲುಚೀಲ ಹಾಕಿಕೊಳ್ಳಿ. ಉಂಬಳ ಇಲ್ಲೂ ಇದೆ, ಊರಿನ ನೆನಪು ಚೆನ್ನಾಗಿಯೇ ಮಾಡಿಸುತ್ತದೆ.

ಬೂಟಿನ ಮಣ್ಣನ್ನು ಮನೆಯಲ್ಲೇ ಉಜ್ಜಿ ತೊಳೆದುಕೊಂಡು ಹೋಗಿ. ಮಣ್ಣಿನಲ್ಲಿ ಹರಡುವ ಫೈಟಾಫ್ತೊರಾ ಸಿನ್ನಮೋಮಿ ಎಂಬ ಬೇರುಕೊಳೆ ರೋಗಾಣು ಆಸ್ಟ್ರೇಲಿಯಾದ ಕಾಡುಗಳಿಗೆ ದೊಡ್ಡ ಪಿಡುಗು. ಅಡಿಕೆಗೆ ಕೊಳೆರೋಗ ತರುವುದೂ ಇದೇ ಫೈಟಾಫ್ತೊರಾ ಕುಲದ್ದು ಎಂದರೆ ತೋಟದವರಿಗೆ ಬೇರೆ ಹೇಳಬೇಕಿಲ್ಲ. ಕೆಲವು ದಾರಿಗಳ ಬಾಯಲ್ಲಿ ಬೂಟು ತೊಳೆಯುವ ವ್ಯವಸ್ಥೆ ಇರುತ್ತದೆ, ಬಳಸಿ.

ಹಂತ 3: ಆಸರೆ ಯಾವುದು?

ವಿಕ್ಟೋರಿಯಾದ ತಂಪುಕಾಡಿನಲ್ಲಿ ಸಾಮಾನ್ಯವಾಗಿ ಎದುರಾಗುವುದು ಎರಡು ಮರಜರಿಗಳು. ಇವೆರಡನ್ನು ಬೇರೆ ಮಾಡಲು ಕಲಿತರೆ ಅರ್ಧ ಕೆಲಸ ಮುಗಿದಂತೆ.

ಮೊದಲನೆಯದು ಡಿಕ್ಸೋನಿಯಾ ಅಂಟಾರ್ಕ್ಟಿಕಾ. ಕಾಂಡ ದಪ್ಪ, ಕೆಂಗಂದು ಬಣ್ಣ, ಮೈಯೆಲ್ಲ ನಾರು. ಗರಿಯ ತೊಟ್ಟಿನ ಬುಡದಲ್ಲಿ ಮೆತ್ತನೆಯ ಕಂದು ಕೂದಲು. ಗರಿಯ ಅಡಿಭಾಗ ನೋಡಿದರೆ ಬೀಜಾಣುಗಳ ಗುಂಪು ಎಲೆಯಂಚಿನಲ್ಲೇ ಇರುತ್ತದೆ, ಅಂಚೇ ಮಡಚಿಕೊಂಡು ಅದನ್ನು ಮುಚ್ಚಿರುತ್ತದೆ.

ಎರಡನೆಯದು ಸಯಾಥಿಯಾ ಆಸ್ಟ್ರಾಲಿಸ್. ಇದರ ತೊಟ್ಟನ್ನು ಮುಟ್ಟಿದರೆ ಒರಟು. ಸಣ್ಣ ಗುಬುಟುಗಳು ಕೈಗೆ ತಾಗುತ್ತವೆ. ಬುಡದಲ್ಲಿ ಕೂದಲಿನ ಬದಲು ಹೊಳೆಯುವ ಕಂದು ಹುರುಪೆಗಳು. ಬೀಜಾಣುಗಳ ಗುಂಡು ಗುಂಪುಗಳು ಅಂಚಿನಿಂದ ಒಳಗೆ ಇರುತ್ತವೆ. ಮೇಲ್ಭಾಗದ ಕಾಂಡದಲ್ಲಿ ಮುರಿದ ತೊಟ್ಟುಗಳ ಮೋಟುಗಳು ಉಳಿದಿರುತ್ತವೆ, ನಾರಿನ ಕವಚ ಡಿಕ್ಸೋನಿಯಾದಷ್ಟು ಎತ್ತರದವರೆಗೆ ಹಬ್ಬಿರುವುದಿಲ್ಲ.

ಈ ವ್ಯತ್ಯಾಸವೇ ಮುಂದಿನದ್ದನ್ನೆಲ್ಲ ತೀರ್ಮಾನಿಸುತ್ತದೆ. ನಾರು ಹೆಚ್ಚಿದ್ದಲ್ಲಿ ನೀರು ಹೆಚ್ಚು, ನೀರು ಹೆಚ್ಚಿದ್ದಲ್ಲಿ ಜರಿ ಹೆಚ್ಚು. ಒಂದೇ ಹಳ್ಳದ ಬದಿಯಲ್ಲಿ ಎರಡೂ ಜಾತಿ ಅಕ್ಕಪಕ್ಕ ನಿಂತಿದ್ದರೆ ಡಿಕ್ಸೋನಿಯಾದ ಮೈ ತುಂಬಿರುತ್ತದೆ, ಸಯಾಥಿಯಾ ಸಾಮಾನ್ಯವಾಗಿ ಅರೆಬೋಳು. ಪಾಲಿಫ್ಲೆಬಿಯಂ ವಿನೋಸಂ ಎಂಬ ಪೊರೆಜರಿಯಂತೂ ಬಹುಪಾಲು ಡಿಕ್ಸೋನಿಯಾದ ಮೇಲೆಯೇ ಸಿಗುತ್ತದೆ.

ಒಣಗಿದ ಗರಿಗಳು ಉದುರದೆ ಕಾಂಡದ ಸುತ್ತ ಲಂಗದಂತೆ ಇಳಿಬಿದ್ದಿವೆಯೇ ಎಂಬುದನ್ನೂ ಬರೆದುಕೊಳ್ಳಿ. ಈ ಲಂಗ ಬಳ್ಳಿಗಳನ್ನೂ ದೊಡ್ಡ ಅಧಿಸಸ್ಯಗಳನ್ನೂ ಹತ್ತಲು ಬಿಡದ ರಕ್ಷಣೆ ಎಂದು ಪೇಜ್ ಮತ್ತು ಬ್ರೌನ್ಸಿ ಎಂಬ ಜರಿತಜ್ಞರು 1986ರಲ್ಲಿ ವಾದಿಸಿದರು. ಒಪ್ಪುವುದೋ ಬಿಡುವುದೋ ಎಂಬುದನ್ನು ನಿಮ್ಮ ಟಿಪ್ಪಣಿಯೇ ಹೇಳಲಿ: ಲಂಗವಿರುವ ಕಾಂಡ, ಇಲ್ಲದ ಕಾಂಡ ಎಂದು ಒಂದು ಅಂಕಣವಿದ್ದರೆ ಸಾಕು.

ಹಂತ 4: ಕಾಂಡವನ್ನು ಮೂರು ಪಟ್ಟಿಗಳಾಗಿ ನೋಡಿ

ಮರಜರಿ ಬೆಳೆಯುವುದು ತುದಿಯಿಂದ ಮಾತ್ರ. ಆದ್ದರಿಂದ ಕಾಂಡದ ಬುಡ ಹಳೆಯದು, ತುದಿ ಹೊಸದು. ಡಿಕ್ಸೋನಿಯಾ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಏರುತ್ತದೆ. ಮೂರರಿಂದ ಐದು ಎಂದು ಹಿಡಿದರೆ ಒಂದು ಮೀಟರ್ ಕಾಂಡಕ್ಕೆ ಇಪ್ಪತ್ತರಿಂದ ಮೂವತ್ತು ವರ್ಷ. ಕೆಳಗಿನಿಂದ ಮೇಲಕ್ಕೆ ಕಣ್ಣಾಡಿಸಿದರೆ ಕಾಲವನ್ನೇ ಓದಿದಂತೆ: ಮೊದಲು ಯಾರು ಬಂದರು, ಆಮೇಲೆ ಯಾರು.

ಬುಡದಿಂದ ಒಂದು ಮೀಟರ್‌ವರೆಗೆ ಕೆಳಪಟ್ಟಿ, ಅಲ್ಲಿಂದ ಕಣ್ಣಿಗೆ ಸ್ಪಷ್ಟವಾಗಿ ಕಾಣುವಷ್ಟು ಎತ್ತರದವರೆಗೆ, ಅಂದರೆ ಸುಮಾರು ಎರಡು ಮೀಟರ್‌ವರೆಗೆ ನಡುಪಟ್ಟಿ, ಅದರ ಮೇಲಿನದ್ದೆಲ್ಲ ಮೇಲ್ಪಟ್ಟಿ. ಮೇಲ್ಪಟ್ಟಿಯನ್ನು ದುರ್ಬೀನಿನಿಂದಲೋ ಮೊಬೈಲಿನ ಜೂಮ್‌ನಿಂದಲೋ ನೋಡಿ. ಕಾಂಡ ಹತ್ತುವುದು, ಬಾಗಿಸುವುದು ಬೇಡ. ಕೆಳಪಟ್ಟಿಯಲ್ಲಿ ಹಾವಸೆ ದಟ್ಟವಾಗಿರುತ್ತದೆ, ಪೊರೆಜರಿಗಳು ಅದರ ನಡುವೆಯೇ ಅಡಗಿರುತ್ತವೆ. ತುದಿಯ ಹತ್ತಿರ ಬಹುತೇಕ ಏನೂ ಇರುವುದಿಲ್ಲ. ಇಲ್ಲದ್ದನ್ನೂ ‘ಇಲ್ಲ’ ಎಂದು ಬರೆಯಿರಿ, ಖಾಲಿ ಬಿಡಬೇಡಿ. ಖಾಲಿ ಬಿಟ್ಟರೆ ನೋಡಿಲ್ಲವೋ ಸಿಗಲಿಲ್ಲವೋ ಎಂದು ಆರು ತಿಂಗಳ ನಂತರ ನಿಮಗೇ ತಿಳಿಯುವುದಿಲ್ಲ.

ಈ ಲೆಕ್ಕಕ್ಕೆ ಎರಡು ತೊಡಕುಗಳಿವೆ. ಮೇಲಿನಿಂದ ಹೊಸ ಬೇರುಗಳು ಇಳಿಯುತ್ತಲೇ ಇರುವುದರಿಂದ ಬುಡದ ಮೇಲ್ಮೈ ಎಲ್ಲ ಕಡೆ ಹಳೆಯದೇ ಆಗಿರಬೇಕೆಂದಿಲ್ಲ. ಇನ್ನೊಂದು ತೊಡಕು ಬೆಂಕಿ. 1939ರ ಜನವರಿ ಮತ್ತು 2009ರ ಫೆಬ್ರವರಿಯ ಮಹಾ ಕಾಡ್ಗಿಚ್ಚುಗಳು ವಿಕ್ಟೋರಿಯಾದ ಬೆಟ್ಟಗಳ ದೊಡ್ಡ ಭಾಗಗಳನ್ನು ಸುಟ್ಟವು. ಡಿಕ್ಸೋನಿಯಾ ಬೆಂಕಿಯ ನಂತರ ತುದಿಯಿಂದ ಮತ್ತೆ ಚಿಗುರುತ್ತದೆ, ಆದರೆ ಅದರ ಮೈಮೇಲಿನ ಜರಿಗಳು ಸುಟ್ಟುಹೋಗಿರುತ್ತವೆ. ನಾಲ್ಕು ಮೀಟರ್ ಎತ್ತರದ ಕಾಂಡ ಬೋಳಾಗಿದ್ದರೆ ಆಶ್ಚರ್ಯಪಡುವ ಮೊದಲು ಬುಡದಲ್ಲಿ ಇದ್ದಿಲ ಕಪ್ಪು ಇದೆಯೇ ಎಂದು ಟಾರ್ಚ್ ಹಾಕಿ ನೋಡಿ.

ಹಂತ 5: ಯಾವುದು ಯಾವುದು?

ಇಲ್ಲಿ ಆತುರ ಬೇಡ. ಒಂದು ಕಾಂಡಕ್ಕೆ ಕಾಲು ಗಂಟೆಯಾದರೂ ಕೊಡಿ.

*ಪೊರೆಜರಿಗಳು.* ಮೊದಲ ಪ್ರಶ್ನೆ: ಇದು ಜರಿಯೋ ಹಾವಸೆಯೋ? ಬೆಳಕಿಗೆ ಅಡ್ಡ ಹಿಡಿದ ಹಾಗೆ ಗರಿಯ ಹಿಂದೆ ಟಾರ್ಚ್ ಇಟ್ಟು ಮಸೂರದಲ್ಲಿ ನೋಡಿ. ಪ್ರತಿ ಸೀಳಿನ ನಡುವೆ ಕಪ್ಪು ನರವೊಂದು ತುದಿಯತ್ತ ಹರಿದಿದ್ದರೆ ಜರಿ. ಹಾವಸೆಗಳಲ್ಲಿ ಹೀಗೆ ಕವಲೊಡೆದ ಗರಿಯ ಸೀಳುಸೀಳಿಗೂ ನರ ಇರುವುದಿಲ್ಲ.

ಜರಿಯೆಂದು ಖಾತರಿಯಾದ ಮೇಲೆ ಬೀಜಾಣು ಕೂರುವ ಬಟ್ಟಲನ್ನು ಹುಡುಕಿ. ಎರಡು ತುಟಿಗಳಂತೆ ಸೀಳಿದ್ದರೆ ಅದು ಹೈಮೆನೊಫಿಲ್ಲಂ ಕುಲ. ತುತ್ತೂರಿಯಂತೆ ಕೊಳವೆಯಾಗಿದ್ದು, ಅದರೊಳಗಿಂದ ಬಿರುಗೂದಲಿನಂಥ ಎಳೆಯೊಂದು ಹೊರಚಾಚಿದ್ದರೆ ಅದು ಪಾಲಿಫ್ಲೆಬಿಯಂ ವಿನೋಸಂ. ಬಟ್ಟಲು ಸಿಗದಿದ್ದರೂ ಪಾಲಿಫ್ಲೆಬಿಯಂ ಅನ್ನು ಹಿಡಿಯಬಹುದು: ಅದರ ಗರಿಯ ಹಾಲೆಗಳು ಅಗಲ, ಒಂದೊಂದು ಹಾಲೆಯಲ್ಲೂ ನರ ಹಲವು ಕವಲಾಗಿರುತ್ತದೆ. ಹೈಮೆನೊಫಿಲ್ಲಂನ ಕೊನೆಯ ಸೀಳುಗಳಲ್ಲಿ ಒಂದೇ ನರ.

ಹೈಮೆನೊಫಿಲ್ಲಂಗಳೊಳಗೆ ಅಂಚು ನೋಡಿ. ಅಂಚಿನಲ್ಲಿ ಸಣ್ಣ ಹಲ್ಲುಗಳಿದ್ದರೆ ಬಹುಮಟ್ಟಿಗೆ ಹೈ. ಕುಪ್ರೆಸ್ಸಿಫಾರ್ಮೆ, ಇಲ್ಲಿನ ಸರ್ವೇಸಾಮಾನ್ಯ ಪೊರೆಜರಿ. ಎತ್ತರದ ಜಾಗಗಳಲ್ಲಿ ಹಲ್ಲಿನ ಅಂಚಿನ ಹೈ. ಪೆಲ್ಟೇಟಂ ಕೂಡ ಇರುವುದರಿಂದ ಫೋಟೋ ಜಾಗ್ರತೆಯಾಗಿ ತೆಗೆಯಿರಿ. ಅಂಚು ನುಣ್ಣಗಿದ್ದು ಗರಿ ಕಿರಿದಾಗಿ, ಮಂಕಾಗಿ ಇಳಿಬಿದ್ದಿದ್ದರೆ ಹೈ. ರಾರಂ. ನುಣ್ಣಗಿದ್ದು ಬೀಸಣಿಗೆಯಂತೆ ಹರಡಿ, ಒದ್ದೆಯಿಲ್ಲದಾಗಲೂ ಮಿರುಗುತ್ತಿದ್ದರೆ ಹೈ. ಫ್ಲಾಬೆಲ್ಲೇಟಂ.

*ಕವಲುಜರಿ.* ಟ್ಮೆಸಿಪ್ಟೆರಿಸ್ ಆಬ್ಲಿಕ್ವಾ. ನನ್ನ ಮಟ್ಟಿಗೆ ಈ ಕಾಡಿನಲ್ಲಿ ನೋಡಲೇಬೇಕಾದ ಗಿಡ ಇದೇ, ಉಳಿದವೆಲ್ಲ ಆಮೇಲೆ. ಜರಿಯೆಂದು ಯಾರೂ ಒಪ್ಪುವಂತಿಲ್ಲ: ಗರಿಯಿಲ್ಲ, ಸುರುಳಿ ಬಿಚ್ಚುವ ಮೊಗ್ಗಿಲ್ಲ. ನಾರಿನ ಕವಚದೊಳಗಿಂದ ಉದ್ದನೆಯ ಎಸಳೊಂದು ಹೊರಬಂದು ಕೆಳಗೆ ಬಾಗುತ್ತದೆ, ಅದರ ಎರಡೂ ಬದಿಗೆ ದಪ್ಪನೆಯ, ಗಾಢ ಹಸಿರಿನ ಎಲೆಗಳು. ಎಲೆಯ ತುದಿಯನ್ನು ಮಸೂರದಲ್ಲಿ ನೋಡಿ. ಓರೆಯಾಗಿ ಕತ್ತರಿಸಿಬಿಟ್ಟಂತಿದ್ದು, ಆ ಮೊಂಡು ತುದಿಯಲ್ಲಿ ಒಂದು ಚಿಕ್ಕ ಮುಳ್ಳು ನಿಂತಿರುತ್ತದೆ. ಕೆಲವು ಎಲೆಗಳು ಎರಡಾಗಿ ಕವಲೊಡೆದಿರುತ್ತವೆ. ಆ ಕವಲಿನಲ್ಲಿ ಜೋಡಿ ಗುಂಡುಗಳಂತೆ ಬೀಜಾಣುಚೀಲ ಕುಳಿತಿರುತ್ತದೆ, ಬಲಿತಾಗ ಹಳದಿಗಂದು. ಈ ಗಿಡಕ್ಕೆ ಬೇರೇ ಇಲ್ಲ. ಕವಚದೊಳಗೆ ಹರಿಯುವ ಕಾಂಡವೇ ಶಿಲೀಂಧ್ರದ ಜತೆಗೂಡಿ ಬೇರಿನ ಕೆಲಸ ಮಾಡುತ್ತದೆ.

ಇದೇ ಕುಲದ ಟ್ಮೆ. ಆಬ್ಲಾನ್ಸಿಯೊಲೇಟಾ ನ್ಯೂ ಕ್ಯಾಲಿಡೋನಿಯಾ ದ್ವೀಪದಲ್ಲಿದೆ. ಅದರ ಜೀವಕೋಶದೊಳಗಿನ ಡಿಎನ್‌ಎ ಸುಮಾರು 16,000 ಕೋಟಿ ಕ್ಷಾರಜೋಡಿಗಳಷ್ಟು, ಮನುಷ್ಯನದ್ದಕ್ಕಿಂತ ಐವತ್ತು ಪಟ್ಟಿಗೂ ಹೆಚ್ಚು ಎಂದು 2024ರಲ್ಲಿ ಪ್ರಕಟವಾಯಿತು. ಅಳೆದಿರುವ ಜೀವಿಗಳಲ್ಲೆಲ್ಲ ಅದೇ ಅತಿ ದೊಡ್ಡದು. ಬೇರೂ ಇಲ್ಲದ ಒಂದು ಗೇಣಿನ ಗಿಡಕ್ಕೆ ಇಷ್ಟೊಂದು ಬರವಣಿಗೆ ಯಾಕೆ ಬೇಕಾಯಿತೋ! ವಿಕ್ಟೋರಿಯಾದಲ್ಲಿ ಈ ಕುಲದ ಬೇರೆ ಪ್ರಭೇದಗಳೂ ಇವೆ. ಎಲೆಯ ತುದಿಯ ಸ್ಪಷ್ಟ ಫೋಟೋ ಇಲ್ಲದಿದ್ದರೆ ಕುಲದ ಹೆಸರಿಗೇ ನಿಲ್ಲಿಸಿ.

*ದೊಡ್ಡ ಗರಿಯವು.* ಇವು ಸುಲಭ. ಕಾಂಡವನ್ನು ಸುತ್ತಿ ಹರಿಯುವ ದಪ್ಪ ಬಳ್ಳಿ, ಹೊಳೆಯುವ ಚರ್ಮದಂಥ ಗರಿ, ಒಂದೇ ಗಿಡದಲ್ಲಿ ಕೆಲವು ಗರಿ ಇಡಿಯಾಗಿ ಕೆಲವು ಆಳವಾಗಿ ಸೀಳಿ: ಅದು ಮೈಕ್ರೋಸೋರಂ ಪಸ್ಟುಲೇಟಂ, ಇಲ್ಲಿಯವರ ಬಾಯಲ್ಲಿ ಕಾಂಗರೂ ಫರ್ನ್. ಬೀಜಾಣು ಗುಂಪುಗಳು ಕೆಳಗೆ ಗುಳಿಯಲ್ಲಿರುವುದರಿಂದ ಗರಿಯ ಮೇಲ್ಮೈಯಲ್ಲಿ ಉಬ್ಬುಗಳು ಕಾಣುತ್ತವೆ.

ತ್ರಿಕೋನಾಕಾರದ, ಬಿರುಸಾದ, ಮತ್ತೆ ಮತ್ತೆ ಸೀಳಿದ ಗರಿ ರುಮೋರಾ ಅಡಿಯಾಂಟಿಫಾರ್ಮಿಸ್‌ನದು. ಹೂಗುಚ್ಛಗಳಲ್ಲಿ ಗುಲಾಬಿಯ ಹಿಂದೆ ಇಡುವ ಹಸಿರು ಗರಿ ಇದೇ; ಮದುವೆ ಮಂಟಪದಲ್ಲಿ ನೀವು ನೋಡಿರುತ್ತೀರಿ. ನೆಲದ ಮೇಲೆ ಹೇರಳವಾಗಿರುವ ಪಾಲಿಸ್ಟಿಕಂ ಪ್ರೊಲಿಫೆರಂ ಜತೆ ಇದನ್ನು ಬೆರೆಸಬೇಡಿ. ಅದು ಕಾಂಡ ಹತ್ತಿ ಹರಿಯುವುದಿಲ್ಲ, ಅದರ ಗರಿಯ ತುದಿಯ ಬಳಿ ಮರಿಗಿಡದ ಮೊಗ್ಗು ಇರುತ್ತದೆ.

ಸೋತಂತೆ ನೇತಾಡುವ ದಪ್ಪ ಸೀಳುಗಳ ಗರಿ ಆಸ್ಪ್ಲೀನಿಯಂ ಫ್ಲಾಸಿಡಂ. ಸೀಳಿಲ್ಲದ ಚಿಕ್ಕ ಪಟ್ಟಿಯಂಥ ಗರಿ, ಅಡಿಯಲ್ಲಿ ಮುಚ್ಚಳವಿಲ್ಲದ ಓರೆ ಬೀಜಾಣು ಗುಂಪುಗಳು ನೋಟೋಗ್ರಾಮಿಟಿಸ್ ಬಿಲ್ಲಾರ್ಡಿಯೆರಿ. ಮಿದುವಾದ ಗರಿಯ ಮೇಲೆಯೇ ಮರಿಗಿಡಗಳು ಹುಟ್ಟಿದ್ದರೆ ಆಸ್ಪ್ಲೀನಿಯಂ ಗ್ರಾಸಿಲಿಮಂ.

ಜರಿಯಲ್ಲದವೂ ಕಾಂಡದ ಮೇಲಿರುತ್ತವೆ. ಫೀಲ್ಡಿಯಾ ಆಸ್ಟ್ರಾಲಿಸ್ ಎಂಬ ಹೂಬಿಡುವ ಬಳ್ಳಿ, ಪಿಟ್ಟೋಸ್ಪೋರಂ ಬೈಕಲರ್ ಎಂಬ ಮರದ ಸಸಿ. ಪಿಟ್ಟೋಸ್ಪೋರಂ ಮರಜರಿಯ ಮೇಲೆಯೇ ಮೊಳೆತು, ಬೇರನ್ನು ನೆಲಕ್ಕಿಳಿಸಿ, ಮುಂದೆ ಸ್ವಂತ ಮರವಾಗುವುದುಂಟು. ಇವಕ್ಕೆ ಕೊನೆಯಲ್ಲಿ ಒಂದು ಅಂಕಣ ಇಡಿ.

ಹಂತ 6: ದಾಖಲೆ

ಪ್ರತಿ ಕಾಂಡಕ್ಕೊಂದು ಸಾಲು. ಕಾಂಡದ ಸಂಖ್ಯೆ, ಆಸರೆಯ ಜಾತಿ, ಅಂದಾಜು ಎತ್ತರ, 1.3 ಮೀಟರ್ ಎತ್ತರದಲ್ಲಿ ಸುತ್ತಳತೆ, ಲಂಗ ಇದೆ-ಇಲ್ಲ, ಇದ್ದಿಲ ಗುರುತು ಇದೆ-ಇಲ್ಲ, ಹಳ್ಳದಿಂದ ದೂರ. ನಂತರ ಪ್ರತಿ ಜರಿಗೂ ಮೂರು ಪಟ್ಟಿಗಳಲ್ಲಿ 0, 1, 2 ಅಥವಾ 3: ಇಲ್ಲ, ಒಂದೆರಡು ಗಿಡ, ಅಲ್ಲಲ್ಲಿ, ಹೊದಿಕೆಯಂತೆ. ಶೇಕಡಾವಾರು ಲೆಕ್ಕ ಹಾಕಲು ಹೋಗಬೇಡಿ; ಒಬ್ಬರ ಕಣ್ಣಿಗೆ ಶೇ 20 ಕಂಡದ್ದು ಇನ್ನೊಬ್ಬರಿಗೆ 40.

ಬುಡದ ಗಿಡ ನೆಲದ್ದೋ ಕಾಂಡದ್ದೋ ಎಂಬ ಜಗಳ ಬಂದೇ ಬರುತ್ತದೆ. ನನ್ನ ನಿಯಮ: ಅದು ಹಿಡಿದ ಜಾಗ ನೆಲದಿಂದ 30 ಸೆಂ.ಮೀ. ಮೇಲಿದ್ದರೆ ಮಾತ್ರ ಲೆಕ್ಕಕ್ಕೆ. ಬೇರೆ ಗಡಿ ಬೇಕಿದ್ದರೆ ಇಟ್ಟುಕೊಳ್ಳಿ, ಆದರೆ ನಡುವೆ ಬದಲಿಸಬೇಡಿ.

ಕಾಂಡಗಳನ್ನು ಆರಿಸುವಾಗ ಚೆಂದದವನ್ನೇ ಆರಿಸುವ ಚಪಲ ಎಲ್ಲರಿಗೂ ಇರುತ್ತದೆ. ಅದಕ್ಕೆ ಮದ್ದು: ದಾರಿಯುದ್ದಕ್ಕೂ ಪ್ರತಿ ಐದನೆಯ ಮರಜರಿ, ಅದು ಬೋಳಾಗಿದ್ದರೂ ಸರಿ. ಎರಡೂ ಜಾತಿಯವು ಹದಿನೈದು ಹದಿನೈದು ಸಿಕ್ಕರೆ ಹೋಲಿಕೆಗೆ ಒಳ್ಳೆಯ ಆರಂಭ.

ಫೋಟೋ ಪ್ರತಿ ಜರಿಗೆ ಮೂರು: ಕಾಂಡದ ಮೇಲೆ ಅದು ಇರುವ ರೀತಿ, ಗರಿಯ ಮೇಲ್ಮೈ, ಗರಿಯ ಅಡಿಭಾಗ. ಮೂರನೆಯದಿಲ್ಲದ ಫೋಟೋ ಬಹಳ ಸಲ ನಿಷ್ಪ್ರಯೋಜಕ. ಮಸೂರವನ್ನು ಮೊಬೈಲ್ ಕ್ಯಾಮೆರಾಕ್ಕೆ ಒತ್ತಿ ಹಿಡಿದರೆ ಬೀಜಾಣು ಬಟ್ಟಲೂ ಸಿಗುತ್ತದೆ. ಗಿಡ ಕೀಳಬಾರದು: ರಾಷ್ಟ್ರೀಯ ಉದ್ಯಾನದಲ್ಲಿ ಪರವಾನಗಿ ಇಲ್ಲದೆ ಕೀಳುವುದು ಅಪರಾಧ, ಮೇಲಾಗಿ ಪೊರೆಜರಿ ಮನೆಯ ಕುಂಡದಲ್ಲಿ ಬದುಕುವುದೂ ಇಲ್ಲ.

ಹಂತ 7: ಲೆಕ್ಕ ಹಾಕುವುದು

ಕಾಂಡಕ್ಕೆ ಸರಾಸರಿ ಎಷ್ಟು ಬಗೆ ಎಂದು ಎರಡೂ ಆಸರೆಗಳಿಗೆ ಬೇರೆಬೇರೆಯಾಗಿ ತೆಗೆಯಿರಿ. ನಂತರ ಕಾಂಡಗಳನ್ನು ನೋಡಿದ ಕ್ರಮದಲ್ಲಿಟ್ಟು, ಪ್ರತಿ ಹೊಸ ಕಾಂಡಕ್ಕೆ ಎಷ್ಟು ಹೊಸ ಹೆಸರು ಸೇರಿತು ಎಂದು ಗೆರೆ ಎಳೆಯಿರಿ. ಗೆರೆ ಮಟ್ಟಸವಾಗುತ್ತಾ ಬಂದರೆ ಆ ದಾರಿಯ ಜರಿಗಳು ಬಹುತೇಕ ಸಿಕ್ಕಿವೆ ಎಂದರ್ಥ. ಇನ್ನೂ ಏರುತ್ತಿದ್ದರೆ ಮತ್ತಷ್ಟು ಕಾಂಡ ನೋಡಬೇಕು. ಎತ್ತರದ ಕಾಂಡದಲ್ಲಿ ಹೆಚ್ಚು ಬಗೆ ಸಿಕ್ಕರೆ ಅದು ವಯಸ್ಸಿನಿಂದಲೋ, ಜಾಗ ಹೆಚ್ಚಿರುವುದರಿಂದಲೋ? ಕೆಳಪಟ್ಟಿಯನ್ನು ಮಾತ್ರ ಹೋಲಿಸಿದರೆ ಸುಳಿವು ಸಿಗುತ್ತದೆ. ಎಲ್ಲ ಕಾಂಡಗಳಲ್ಲೂ ಅದರ ಎತ್ತರ ಒಂದೇ, ಬೇರೆಯಾಗಿರುವುದು ವಯಸ್ಸು.

ಊರಿನಲ್ಲಿ ಮಾಡಬಹುದೇ?

ಖಂಡಿತ. ಡಿಕ್ಸೋನಿಯಾ ಭಾರತದಲ್ಲಿ ಕಾಡುಗಿಡವಾಗಿ ಇಲ್ಲ, ಟ್ಮೆಸಿಪ್ಟೆರಿಸ್ ಕೂಡ ಇಲ್ಲ. ಆದರೆ ಪಶ್ಚಿಮಘಟ್ಟದ ಹಳ್ಳಗಳ ಬದಿಯಲ್ಲಿ ಅಲ್ಸೋಫಿಲಾ ಜೈಗಾಂಟಿಯಾ ಎಂಬ ಮರಜರಿ ಇದೆ. ಹಳೆಯ ಪುಸ್ತಕಗಳಲ್ಲಿ ಸಯಾಥಿಯಾ ಜೈಗಾಂಟಿಯಾ. ಹೈಮೆನೊಫಿಲ್ಲಂ ಮತ್ತು ಅದರ ಬಂಧು ಕ್ರೆಪಿಡೊಮ್ಯಾನಿಸ್ ಕುಲದ ಪೊರೆಜರಿಗಳೂ ಘಟ್ಟದಲ್ಲಿವೆ. ಕವಲುಜರಿಯ ಹತ್ತಿರದ ನೆಂಟ ಸೈಲೋಟಂ ನ್ಯೂಡಂ ಕೂಡ ಅಲ್ಲಿದೆ, ಅದಕ್ಕೂ ಬೇರಿಲ್ಲ. ಆಸರೆ ಗುರುತು, ಮೂರು ಪಟ್ಟಿ, 0–3 ಅಂಕ, ಎಲ್ಲವೂ ಹಾಗೆಯೇ ನಡೆಯುತ್ತದೆ. ಹಂತ 5 ಮಾತ್ರ ಹೊಸದಾಗಿ ಬರೆದುಕೊಳ್ಳಬೇಕು. ಮೀಸಲು ಅರಣ್ಯಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕಾಫಿ, ಏಲಕ್ಕಿ ತೋಟದ ಹಳ್ಳಕ್ಕೆ ತೋಟದವರ ಒಪ್ಪಿಗೆ ಸಾಕು. ಮುಂಗಾರು ಹಿಂದೆ ಸರಿದ ಮೇಲಿನ ವಾರಗಳು ಅನುಕೂಲ: ಹಳ್ಳ ಇಳಿದಿರುತ್ತದೆ, ಕಾಂಡ ಇನ್ನೂ ಒದ್ದೆಯಿರುತ್ತದೆ.

ಎಲ್ಲಿ ಮಾಡಿದರೂ ದಾಖಲೆಯನ್ನು ಐನ್ಯಾಚುರಲಿಸ್ಟ್ ಎಂಬ, ಯಾರು ಬೇಕಾದರೂ ಗಿಡ-ಪ್ರಾಣಿಗಳ ಫೋಟೋ ದಾಖಲಿಸಬಹುದಾದ ಜಾಲತಾಣಕ್ಕೆ ಏರಿಸಿ, ಆಸರೆಯ ಹೆಸರನ್ನು ಟಿಪ್ಪಣಿಯಲ್ಲಿ ತಪ್ಪದೆ ಬರೆಯಿರಿ. ಅಲ್ಲಿ ಸಿಗುವ ಎಷ್ಟೋ ಪೊರೆಜರಿಯ ಫೋಟೋಗಳಲ್ಲಿ ‘ಮರದ ಮೇಲೆ’ ಎಂದಷ್ಟೇ ಇರುತ್ತದೆ. ಅಪರೂಪದ ಜರಿ ಎಂಬ ಅನುಮಾನವಿದ್ದರೆ ಜಾಗದ ನಿಖರ ಗುರುತನ್ನು ಮರೆಮಾಡುವ ಆಯ್ಕೆ ಅದರಲ್ಲಿದೆ. ಏರಿಸುವಾಗಲೇ ಅದನ್ನು ಆರಿಸಿಕೊಳ್ಳಿ.